ನಲವತ್ತು ಬಾಟಲಿ, ಅರವತ್ತೊಂದು ಮಕ್ಕಳು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಆ ಹೆಣ್ಣುಮಗಳು ಠಾಣೆಗೆ ಬಂದಳು. ಬಟ್ಟೆ ಹೊಲಿದು ಬದುಕುವವಳು. ಆರು ವರ್ಷದ ಮಗಳು ಶನಿವಾರ ಫಿಟ್ಸ್ ನಿಲ್ಲದೆ ತೀರಿಕೊಂಡಿದ್ದಳು. ಒಂದು ಹೊತ್ತೂ ತಪ್ಪಿಸದೆ ಔಷಧಿ ಕುಡಿಸಿದ್ದೇನೆ, ಆ ಸಿರಪ್ಪೇ ಖೋಟಾ, ಕಂಪನಿಯವರನ್ನು ಹಿಡಿಯಿರಿ ಎಂದು ದೂರು ಬರೆಸಿದಳು. ಪಕ್ಕದಲ್ಲಿ ಅವಳ ಅಪ್ಪ. ಆ ಸಿರಪ್ ಕೊಟ್ಟಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿಸ್ಟ್ ಅವನೇ. ಮಗಳ ತೋಳು ಹಿಡಿದು ನಿಂತಿದ್ದ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನವೇ ಇನ್‌ಸ್ಪೆಕ್ಟರ್ ಕೇಂದ್ರಕ್ಕೆ ಹೋಗಿ, ಪಂಚನಾಮೆ ಮಾಡಿ, ಕಪಾಟಿನ ಬಾಟಲಿಗಳನ್ನೂ ದಾಸ್ತಾನು ಪುಸ್ತಕವನ್ನೂ ವಶಪಡಿಸಿಕೊಂಡರು.

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಸೀಲ್ ಇದ್ದ ಬಾಟಲಿಗಳಲ್ಲಿ ಔಷಧಿ ಸರಿಯಾಗಿತ್ತು. ಸೀಲ್ ಒಡೆದಿದ್ದವುಗಳಲ್ಲಿ, ಮಗುವಿನ ಮನೆಯ ಬಾಟಲಿಯಲ್ಲೂ, ಮೂರನೇ ಒಂದು ಪಾಲು ನೀರು.

"ಹಾಲಿನವನೂ ಇಷ್ಟು ಅಳತೆಯಾಗಿ ಬೆರೆಸಲ್ಲ ಸಾರ್," ಎಂದ ಹೆಡ್ ಕಾನ್ಸ್‌ಟೇಬಲ್. ಇನ್‌ಸ್ಪೆಕ್ಟರ್ ದುರುಗುಟ್ಟಿ ನೋಡಿ ಪುಸ್ತಕ ಬಿಡಿಸಿದರು. ಅನುದಾನ ಕಡಿತವಾದ ಮೇಲೆ ತಿಂಗಳಿಗೆ ಬರುತ್ತಿದ್ದುದು ನಲವತ್ತು ಬಾಟಲಿ. ಪಡೆದವರ ಸಹಿ ಅರವತ್ತೊಂದು. ಫಾರ್ಮಸಿಸ್ಟನನ್ನು ಕರೆಸಿದರು.

"ಬಂದಿದ್ದು ನಲವತ್ತು, ಕೊಟ್ಟಿದ್ದು ಅರವತ್ತೊಂದು. ಹೇಗೆ?"

"ಕುದಿಸಿ ಆರಿಸಿದ ನೀರೇ ಹಾಕಿದ್ದು ಸಾರ್."

"ಸಾಲಲ್ಲ ಅಂತ ಮೇಲಕ್ಕೆ ಬರೀಬೇಕಿತ್ತು."

"ಎರಡು ಸಲ ಬರೆದೆ. ಇರೋದ್ರಲ್ಲೇ ಸುಧಾರಿಸಿ ಅಂತ ಉತ್ತರ ಬಂತು."

ಆ ಉತ್ತರ ಫೈಲಿನಲ್ಲಿತ್ತು, ಕೆಳಗೆ ದುಂಡನೆಯ ಸಹಿ. ಸಹಿ ಹಾಕಿದ ಪುಣ್ಯಾತ್ಮ ಫಿಟ್ಸ್ ಬಂದ ಮಗುವನ್ನು ಕಣ್ಣಾರೆ ಕಂಡಿದ್ದನೋ ಇಲ್ಲವೋ. ಇವನು ಮಾತ್ರ ಕಿಟಕಿಯ ಮುಂದೆ ಕಂಕುಳಲ್ಲಿ ಕೂಸು ಹಿಡಿದು ನಿಂತವರನ್ನು ದಿನಾ ಕಂಡಿದ್ದ. ಇಪ್ಪತ್ತೊಂದು ತಾಯಂದಿರಿಗೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. "ಮೊಮ್ಮಗಳಿಗಾದ್ರೂ ಸೀಲ್ ಒಡೀದೇ ಇರೋದು ಕೊಡಬಾರದಾಗಿತ್ತೇನ್ರೀ?"

"ಅವಳಿಗೆ ಮಾತ್ರ ಬೇರೆ ಕೊಟ್ಟಿದ್ರೆ ಕಳ್ಳ ಆಗ್ತಿದ್ದೆ ಸಾರ್," ಎಂದು ಅವನು ಮುಖ ಮುಚ್ಚಿಕೊಂಡ.

ಸಂಜೆ ನಾಲ್ಕೂ ಹತ್ತಕ್ಕೆ ಬಂಧನ ದಾಖಲಾಯಿತು. ಬಂಧನದ ವಿಷಯವನ್ನು ಆರೋಪಿಯ ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಅವನಿಗಿದ್ದವಳು ಮಗಳೊಬ್ಬಳೇ. ದೂರುದಾರಳೆಂದು ಕರೆಸಿದ್ದರಿಂದ ಹೊರಗಿನ ಬೆಂಚಿನ ಮೇಲೇ ಕೂತಿದ್ದಳು. ಕಾಗದ ಹಿಡಿದು ಇನ್‌ಸ್ಪೆಕ್ಟರ್ ತಾವೇ ಹೋದರು. ಅವಳು ಧಡಕ್ಕನೆ ಎದ್ದಳು.

"ಸಿಕ್ಕಿದ್ನಾ ಸಾರ್ ಅವನು?"

"ಕೂತ್ಕೋ ತಾಯಿ," ಎಂದರು ಇನ್‌ಸ್ಪೆಕ್ಟರ್. "ಮೊದಲು ಕೂತ್ಕೋ."