ಗಾಜಿನ ತಟ್ಟೆಯಲ್ಲಿ ಅವನದೊಂದು ಚೂರು

ಲ್ಯಾಬಿನ ಬಾಗಿಲು ತೆರೆದವಳನ್ನು ಕಂಡೊಡನೆ ಅವನು ಶರ್ಟಿನ ತೋಳು ಮಡಚಿ ಕೈ ಚಾಚಿದ.

"ಚುಚ್ಚಿ. ನಾನು ಆ ಕಡೆ ತಿರುಗಿರ್ತೀನಿ."

"ರಕ್ತ ತೆಗೆಯೋದು ಕೆಳಗಡೆ," ಎಂದಳು ನಗು ತಡೆದುಕೊಂಡು. "ನಾನು ಗಡ್ಡೆ ಬೆಳೆಸೋಳು."

ಅವನ ಮುಖ ಬಿಳಿಚಿಕೊಂಡಿತು. "ಬೆಳೆಸ್ತೀರಾ? ಇರೋದೇ ಸಾಲ್ದಾ?"

ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕರುಳಿನ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಆ ವಾರ ಲ್ಯಾಬಿಗೆ ಬಂದದ್ದು ಗಡ್ಡೆಯ ಒಂದೇ ಚೂರು. ಅದು ಯಾರದೆಂದು ಅವಳಿಗೆ ಈಗ ತಿಳಿಯಿತು. ಅದನ್ನು ಮೆತ್ತನೆಯ ಜೆಲ್‌ನಲ್ಲಿ ಸಾಕಿ, ಸಾಸಿವೆಗಿಂತ ಸಣ್ಣ ಉಂಡೆಗಳಾಗಿ ಬೆಳೆಸಿ, ಒಂದೊಂದೇ ಔಷಧ ಹಾಕಿ, ಯಾವುದಕ್ಕೆ ಸಾಯುತ್ತವೆಂದು ನೋಡುವುದು ಅವಳ ಕೆಲಸ.

"ಅಂದ್ರೆ, ನನ್ನ ಬದಲು ಏಟು ತಿನ್ನೋಕೆ ಒಬ್ಬ ಸಿಕ್ಕ," ಎಂದ ಅವನು.

ಆಮೇಲೆ ಆಸ್ಪತ್ರೆಗೆ ಬಂದಾಗಲೆಲ್ಲ ಲ್ಯಾಬಿನ ಹೊರಗಿನ ಬೆಂಚಿಗೆ ಹಾಜರ್. "ಇವನು ಹತ್ತಿದ್ರೆ ಲಿಫ್ಟು ಡಾಕ್ಟರ ಕೋಣೆ ದಾಟಿ ಎರಡು ಮಹಡಿ ಜಾಸ್ತಿ ಹೋಗುತ್ತೆ," ಎಂದು ಜೊತೆಗೆ ಬರುತ್ತಿದ್ದ ಅವನಕ್ಕ ಛೇಡಿಸುತ್ತಿದ್ದಳು.

"ಹೇಗಿದೆ ನನ್ನ ಕೂಸು?"

"ಚೆನ್ನಾಗಿ ಬೆಳೀತಿದೆ," ಎಂದವಳು ನಾಲಿಗೆ ಕಚ್ಚಿಕೊಂಡಳು. ಇಲ್ಲಿ ಬೆಳೆಯುತ್ತಿದ್ದುದೇ ಅವನೊಳಗೂ ಬೆಳೆಯುತ್ತಿತ್ತು.

ಅವನು ನಕ್ಕ. ಆದರೆ ಕಾಫಿ ಲೋಟದ ಮುಚ್ಚಳ ತೆಗೆಯಲು ಬೆರಳುಗಳು ಮಾತು ಕೇಳಲಿಲ್ಲ. ಅವಳು ತೆಗೆದುಕೊಟ್ಟಳು. ಲೋಟ ಕೈ ಬದಲಾಯಿಸಿದ ಮೇಲೂ ಇಬ್ಬರ ನೋಟ ಕದಲಲಿಲ್ಲ.

"ಕಲಿಯೋರು ತಪ್ಪಿದ್ರೆ ನನ್ನ ಕಾಲ್ಕೆಳಗೆ ಇನ್ನೊಂದು ಬ್ರೇಕ್ ಇರುತ್ತೆ," ಎಂದ ಮೆಲ್ಲಗೆ. "ಈ ಕಾಯಿಲೆಗಿಲ್ಲ ನೋಡಿ."



ಡಾಕ್ಟರು ಕೊಡಬೇಕೆಂದಿದ್ದ ಔಷಧಕ್ಕೆ ಉಂಡೆಗಳು ಜಗ್ಗಲೇ ಇಲ್ಲ. ಎರಡನೆಯದಕ್ಕೆ ಒಂದರ ಅಂಚು ಕಪ್ಪಿಟ್ಟಂತೆ ಕಂಡಿತು. ಸಾಯುತ್ತಿದೆಯೇ? ಸಾಯಲಿ ಎಂದು ತಾನು ಬಯಸಿದ್ದಕ್ಕೆ ಹಾಗೆ ಕಂಡಿತೇ? ಮೈಕ್ರೋಸ್ಕೋಪಿಗೆ ಮತ್ತೆ ಮತ್ತೆ ಕಣ್ಣಿಟ್ಟಳು. ಎದ್ದು ಸೀದಾ ಲ್ಯಾಬಿನ ಮುಖ್ಯಸ್ಥರ ಬಳಿ ಹೋದಳು.

"ಸರ್, ಈ ಸ್ಯಾಂಪಲ್ ಬೇರೆಯವರು ನೋಡ್ಲಿ. ನನ್ನ ಕಣ್ಣಿನ ಮೇಲೆ ನಂಗೆ ನಂಬಿಕೆ ಇಲ್ಲ."

ಅವರು ಅವಳ ಮುಖ ನೋಡಿ, ತಟ್ಟೆಯನ್ನು ಅವಳ ಸಹೋದ್ಯೋಗಿಗೆ ಒಪ್ಪಿಸಿದರು.

ಸಹೋದ್ಯೋಗಿಯ ಕಣ್ಣಿಗೆ ಎರಡನೆಯ ಔಷಧದಿಂದ ಏನೂ ಸತ್ತಂತೆ ಕಾಣಲಿಲ್ಲ. ಮೂರನೆಯದಕ್ಕೆ ಉಂಡೆಗಳು ಪುಡಿಪುಡಿಯಾದವು. ಆದರೆ ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲೂ ಗೆಲ್ಲುತ್ತದೆಂದು ಯಾರೂ ಮಾತು ಕೊಡಲಾರರು. ಆದರೂ ಡಾಕ್ಟರು ಅದನ್ನೇ ಅವನಿಗೆ ಶುರುಮಾಡಿದರು.

"ನನ್ನ ಕೂಸನ್ನ ಯಾಕೆ ಬಿಟ್ರಿ?" ಬೆಂಚಿನ ಮೇಲೆ ಅವನು ಕೇಳಿದ. "ಅಷ್ಟು ಕೆಟ್ಟದಾಗಿತ್ತಾ?"

"ನೀವು ಬದುಕ್ಬೇಕು ಅಂತ ಆಸೆ ಆಗೋಯ್ತು. ಆಸೆ ಇಟ್ಕೊಂಡು ನೋಡಿದ್ರೆ ಇಲ್ಲದ್ದೂ ಕಾಣುತ್ತೆ."

"ಇದು ಪ್ರೀತಿನಾ, ರಾಜೀನಾಮೆನಾ?"

"ಎರಡೂ."

ಸ್ಕ್ಯಾನಿನ ದಿನ ಡಾಕ್ಟರು ಪರದೆಯನ್ನು ಅವನು, ಅಕ್ಕ, ಅವಳು ಮೂವರತ್ತ ತಿರುಗಿಸಿದರು. "ಗಡ್ಡೆ ಕುಗ್ಗಿದೆ. ಹೋಗಿಲ್ಲ, ಕುಗ್ಗಿದೆ. ಇದೇ ಮುಂದುವರಿಸೋಣ."

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕಾರಿಡಾರಿನಲ್ಲಿ ಅವನು ಗೋಡೆಗೊರಗಿ ನಿಂತ.

"ನಂಗಿನ್ನೂ ಭಯ ಆಗ್ತಿದೆ."

"ನಂಗೂ."

"ನೀವಾದ್ರೂ ಧೈರ್ಯ ಹೇಳ್ಬಾರ್ದಾ?"

"ಧೈರ್ಯ ನನ್ನ ಹತ್ರಾನೂ ಇಲ್ಲ. ನಾನಿದ್ದೀನಿ. ಸಾಕಾಗುತ್ತಾ ನಿಂಗೆ?"

ನಿಮಗೆ ಅಲ್ಲ, ನಿಂಗೆ. ಬಾಯಿಂದ ಜಾರಿದ ಮೇಲೇ ಅವಳಿಗೂ ಗೊತ್ತಾದದ್ದು. ಅವನು ಥಟ್ಟನೆ ತಲೆಯೆತ್ತಿದ. ಅಕ್ಕ ಏನೂ ಕೇಳಿಸದವಳಂತೆ ಬೇಗಬೇಗ ಮುಂದೆ ನಡೆದಳು.

"ಇನ್ನೊಂದ್ಸಲ ಹೇಳು," ಎಂದ ಅವನು.