ಏಳು ನಲವತ್ತರ ಬಸ್ಸು

"ರೀ, ನಿಲ್ಸಿ! ಒಂದೇ ನಿಮಿಷ!"

ಅವನು ಬಸ್ಸಿನ ಬಾಗಿಲು ಬಡಿಯುತ್ತಿದ್ದ. ಹಿಂದೆ, ರೈಲಿಳಿದ ಜನ ಏದುಸಿರು ಬಿಡುತ್ತ ಓಡಿ ಬರುತ್ತಿದ್ದರು.

ಸ್ಟಿಯರಿಂಗ್ ಹಿಡಿದಿದ್ದ ಅವಳು ಗಡಿಯಾರ ನೋಡಿದಳು. ಏಳು ನಲವತ್ತು. ಗೇರ್ ಹಾಕಿದಳು.

'ಓಡು... ಇನ್ನೂ ಓಡು! ನನ್ನ ಹೊಟ್ಟೆ ಉರಿಸಿದವನಲ್ವಾ ನೀನು?'

ಅವನು ರೈಲು ನಿಲ್ದಾಣದ ಎದುರಿನ ಬಾಡಿಗೆ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುವವ. ಆರು ತಿಂಗಳು ದಿನಾ ಅವಳನ್ನು ನೋಡಿ ನಕ್ಕಿದ್ದ. ಆ ನಗುವಿಗೆ ಅವಳು ಸೋತೂ ಹೋಗಿದ್ದಳು.

ಕಳೆದ ತಿಂಗಳು ಡಿಪೋ ಸಾಹೇಬರು ಕರೆಸಿದ್ದರು. "ನಿನ್ನ ಬಸ್ಸು ಜನರನ್ನ ಬಿಟ್ಟು ಹೋಗುತ್ತಂತೆ. ಸೈಕಲ್‌ನವನು ಬರೆದಿದ್ದಾನೆ."

ಹದಿನೈದು ದಿನ ಮನೆಯಲ್ಲಿ ಕೂರಿಸಿದರು. "ಹೆಂಗಸಿಗೆ ಬಸ್ಸು ಕೊಟ್ರೆ ಇನ್ನೇನಾಗುತ್ತೆ?" ಎಂದು ಚಿಕ್ಕಪ್ಪ ಆಡಿಕೊಂಡಿದ್ದ!

ಅವಳೂ ಬಿಡಲಿಲ್ಲ. ಬಸ್ಸು ತಿರುಗಿಸಲು ಸೈಕಲ್‌ಗಳು ಅಡ್ಡ ಎಂದು ಅರ್ಜಿ ಹಾಕಿದಳು. ಸ್ಟ್ಯಾಂಡ್ ಸೇತುವೆಯಾಚೆಗೆ ಹೋಯಿತು. ಅವನು ಒಂದೊಂದೇ ಸೈಕಲ್ ತಳ್ಳಿಕೊಂಡು ಹೋಗುವುದನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಒಂದು ಮಧ್ಯಾಹ್ನ ಡಿಪೋದ ಗುಮಾಸ್ತೆ ಹೊಸ ವೇಳಾಪಟ್ಟಿಯ ಜೊತೆ ಒಂದು ಪತ್ರವನ್ನೂ ಕೊಟ್ಟಳು. "ನಾಳೆಯಿಂದ ನಿನ್ನ ಬಸ್ಸು ಏಳು ನಲವತ್ತೈದಕ್ಕೆ ಕಣೇ. ಎಲ್ಲಾ ಸೈಕಲ್‌ನವನ ಈ ಪತ್ರದ ಪ್ರಭಾವ. ಓದು. ಸಾಹೇಬ್ರು ಮೊದಲ ಸಾಲು ಓದಿ ನಿನ್ನ ಮೇಲೆ ಎಗರಿದ್ರು. ಪೂರ್ತಿ ಓದಿದ್ದು ಮೇಲಿನವ್ರು."

'ಬಸ್ಸು ರೈಲಿನ ಜನರನ್ನು ಬಿಟ್ಟು ಹೋಗುತ್ತಿದೆ. ರೈಲು ಬರುವುದೇ ಏಳು ಮೂವತ್ತೊಂಬತ್ತಕ್ಕೆ. ತಪ್ಪು ವೇಳಾಪಟ್ಟಿಯದ್ದು, ಚಾಲಕಿಯದ್ದಲ್ಲ. ಬಿಟ್ಟು ಹೊರಡುವಾಗ ಆಕೆಯ ಮುಖ ಬಾಡುವುದನ್ನು ದಿನಾ ನೋಡುತ್ತಿದ್ದೇನೆ...'

ಅಯ್ಯೋ! ಅವಳು ಪತ್ರ ಹಿಡಿದೇ ಸೇತುವೆಯತ್ತ ಓಡಿದಳು.

ಸೇತುವೆಯಾಚೆ ಅವನು ಟೈರಿಗೆ ಗಾಳಿ ಹೊಡೆಯುತ್ತಿದ್ದ.

"ಪತ್ರದಲ್ಲಿ ಹೀಗೆ ಬರೆದಿದ್ದೀನಿ ಅಂತ ಯಾಕೆ ಹೇಳ್ಲಿಲ್ಲ?"

"ಹೇಳೋಕಂತಲೇ ದಿನಾ ಓಡಿ ಬರ್ತಿದ್ದೆ. ನೀವು ಬಾಗಿಲು ತೆಗೆದ್ರೆ ತಾನೇ!"

"ನಿಮ್ಮನ್ನ ಇಲ್ಲಿಗೆ ಹಾಕ್ಸಿದ್ದು... ನಾನೇ."

"ಗೊತ್ತು. ಅರ್ಜಿ ತೋರಿಸಿದ್ರು."

"ಸಿಟ್ಟು ಬರ್ಲಿಲ್ವಾ?"

"ಬರದೆ ಏನು? ಪ್ರತಿ ಸೈಕಲ್ಲಿಗೂ ಒಂದೊಂದು ಸಲ ಬೈದೆ. ಆದ್ರೆ ಬೆಳಿಗ್ಗೆ ನಿಮ್ಮ ಹಾರ್ನ್ ಕೇಳದಿದ್ರೆ ಕೈಗೆ ಕೆಲಸ ಹತ್ತಲ್ಲ... ಏನ್ಮಾಡ್ಲಿ?"

ಅವಳ ಕಣ್ಣು ತುಂಬಿ ಬಂತು. "ನನಗೂ ಅಷ್ಟೇ. ಅದಕ್ಕೇ ಅಷ್ಟು ಉರಿದಿದ್ದು! ಅರ್ಜಿ ವಾಪಸ್ ತಗೋತೀನಿ. ಸೈಕಲ್ ಎಲ್ಲಾ ನಾನೇ ತಳ್ಕೊಂಡು ಬರ್ತೀನಿ."

"ಒಬ್ರೇನಾ? ನಾನೇನು ಮಾಡ್ಲಿ?"

"ನೀವು ಸೈಕಲ್ ಮುಟ್ಟಬೇಡಿ. ಪಕ್ಕದಲ್ಲಿ ಮಾತಾಡ್ತಾ ಬನ್ನಿ... ಸಾಕು."