ಡ್ರಮ್ಸ್ ಬಾರಿಸುವ ಸೊಸೆ

"ಅವ್ವಗ ಎದಿನೋವು, ಲಗೂನ ಬಾ!" ಎಂದು ಗಂಡ ಫೋನಿನಲ್ಲಿ ಚೀರಿದ್ದ. ಮಾದಾಪುರದ ಸ್ಟುಡಿಯೋದಿಂದ ಮೆಹದಿಪಟ್ಟಣಂನ ಮನೆಯವರೆಗೆ ಆಟೋದಲ್ಲಿ ಹರಕೆ ಹೊರುತ್ತಲೇ ಬಂದ ವಿಜಯಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಶಿವದೇವಿ ಸೋಫಾದ ಮೇಲೆ ಕಾಲು ಚಾಚಿ, ತಾಟಿನ ತುಂಬ ಮಂಡಕ್ಕಿ ಸುಸಲಾ ಹಾಕಿಕೊಂಡು, ಹಸಿಮೆಣಸಿನಕಾಯಿ ಕಚ್ಚುತ್ತ ಕೂತಿದ್ದರು!

"ಬಂದೇನವಾ? ಈಗ ಹಗುರ ಆಗೇತಿ."

ಹದಿನೈದು ದಿನದಲ್ಲಿ ಇದು ಮೂರನೆಯ ಎದೆನೋವು. ಸಾಫ್ಟ್‌ವೇರ್ ಕಂಪನಿಯ ನಾಲ್ವರು ಗೆಳತಿಯರು ಕೂಡಿ ಕಟ್ಟಿದ 'ಕಡಕ್' ಎಂಬ ರಾಕ್ ಬ್ಯಾಂಡಿಗೆ ವಿಜಯಶ್ರೀ ಡ್ರಮ್ಸ್ ಬಾರಿಸುತ್ತಿದ್ದಳು. ಅವರ ಮೊದಲ ಆಲ್ಬಂನ ರೆಕಾರ್ಡಿಂಗ್ ಶುರುವಾದ ದಿನವೇ ಅತ್ತೆಯ ಎದೆಯೂ ಶುರುವಾಗಿತ್ತು. ಗಂಡ ಶಾಂತಕುಮಾರ ಆಫೀಸಿನಲ್ಲಿ ಹತ್ತು ಜನರ ಮೇಲೆ ಲೀಡರ್; ಮನೆಯಲ್ಲಿ ಅವ್ವ ಕೆಮ್ಮಿದರೆ ಎದ್ದು ನಿಲ್ಲುವ ಪ್ರಾಣಿ!

"ಡಾಕ್ಟರ ಹಂತೇಕ ಹೋಗೂಣ ನಡೀರಿ, ಅತ್ತಿ."

"ಡಾಕ್ಟರ್ ಯಾಕ? ಸೊಸಿ ಮನ್ಯಾಗಿದ್ರ ನನಗ ಯಾ ಬ್ಯಾನೀನೂ ಇಲ್ಲ. ಬೀದ್ಯಾಗ ಬಾರಿಸಿ ಕುಣಿಯೂ ಹೆಂಗಸರು ನಮ್ಮ ಮನಿತನದಾಗ ಯಾರೂ ಹುಟ್ಟಿಲ್ಲ!"

ಅಷ್ಟರಲ್ಲಿ ಬ್ಯಾಂಡಿನ ಹಾಡುಗಾರ್ತಿ ಗುರುದೇವಿಯ ಫೋನು. "ಆರಕ್ಕ ಸ್ಟುಡಿಯೋ ಬಿಡಬೇಕು, ವಿಜಿ. ನೀ ಬರದಿದ್ರ ಉಳಿದ ಎರಡು ಹಾಡಿಗೆ ಇಲ್ಲಿ ಸ್ಟುಡಿಯೋದಾಗಿರೂ ಗಂಡಸಿನ ಕಡಿಂದ ಬಾರಿಸಬೇಕಾಕ್ಕೈತಿ. ಆಮ್ಯಾಲ ಹೆಂಗಸರ ಬ್ಯಾಂಡ್ ಅಂತ ಯಾವ ಮಾರಿ ಇಟ್ಕೊಂಡು ಹೇಳೂದು?"

ಫೋನಿಟ್ಟು ವಿಜಯಶ್ರೀ ಸೋಫಾದ ಪಕ್ಕ ನಿಂತಿದ್ದ ಗಂಡನತ್ತ ತಿರುಗಿದಳು. "ರೀ... ಇದು ಸುಳ್ಳಂತ ನಿಮಗ ಗೊತ್ತಿತ್ತೇನ್ರಿ?"

"ಅವ್ವ ಹೇಳಂದ್ಲು, ಹೇಳಿದೆ," ಎಂದ ಶಾಂತಕುಮಾರ ಉಗುರು ನೋಡಿಕೊಳ್ಳುತ್ತ.

ಥೂ! ಇಂಥವನಿಗಾಗಿಯೇ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಬಾಳಿದೆನೇ... ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒಳಗಿನ ಕೋಣೆಯಿಂದ ಮಾವ ಹಣಮಂತರಾಯರು ಚಪ್ಪಲಿ ಮೆಟ್ಟಿಕೊಂಡೇ ಹೊರಬಂದರು. ನಾರಾಯಣಗೂಡದ ಕಾಲೇಜೊಂದರ ಲೈಬ್ರರಿಯಲ್ಲಿ ದುಡಿದು ನಿವೃತ್ತರಾದ ಅವರು ಮನೆಯಲ್ಲೂ ಲೈಬ್ರರಿಯಂತೆಯೇ ಮೌನವಾಗಿರುತ್ತಿದ್ದರು.

"ನಡಿಯವಾ, ಸ್ಕೂಟರ್ ಮ್ಯಾಲ ಬಿಡ್ತೀನಿ."

"ಅಯ್ಯೋ, ನನ್ನ ಎದಿ!" ಶಿವದೇವಿ ತಾಟು ಸರಿಸಿ ಎದೆ ಹಿಡಿದುಕೊಂಡರು.

"ನಿನ್ನ ಎದಿ ನನಗ ಗೊತ್ತೈತಿ. ನಮ್ಮವ್ವ ರಾಯಚೂರಾಗ ಸಾಯಾಕತ್ತಾಗೂ ಹಿಂಗ ನೋವು ಬಂದಿತ್ತು. ನಾ ಹೋಗಲಿಲ್ಲ... ಹೆತ್ತಾಕಿ ಮಣ್ಣಿಗೂ ನನಗ ಮುಟ್ಟಾಕ ಆಗಲಿಲ್ಲ! ಮರುದಿನ ನೀ ಹೋಳಿಗಿ ಮಾಡಿಕೊಂಡು ತಿಂದಿ, ಶಿವದೇವಿ. ನಾ ನೋಡಿಕೋತ ಕುಂತೆ. ನಿನಗಿಂತ ನಾ ಹೇಸಿ ಮನಷ್ಯಾ." ಮಗನತ್ತ ತಿರುಗಿದರು. "ಡಾಕ್ಟರನ್ನ ಕರಿ. ಖರೇ ನೋವಿದ್ರ ಅವ ನೋಡ್ತಾನ."

ಸ್ಟುಡಿಯೋದ ಗಾಜಿನಾಚೆ ಕೂತು ಹಣಮಂತರಾಯರು ಎರಡೂ ಹಾಡು ಕೇಳಿದರು. ನಾಲ್ಕು ವರ್ಷ ನುಂಗಿದ ಮಾತೆಲ್ಲ ವಿಜಯಶ್ರೀಯ ಕೈಯಿಂದ ಹೊರಬಿದ್ದಿತ್ತು. ಬೊಬ್ಬೆಯೆದ್ದ ಅಂಗೈ ಉಜ್ಜುತ್ತ ಹೊರಬಂದು ಕೇಳಿದಳು, "ಹೆಂಗಿತ್ರಿ, ಮಾವಾರ?"

"ಒಂದೂ ತಿಳೀಲಿಲ್ಲವಾ. ಭಾಳ ಗದ್ದಲ." ಕಣ್ಣೊರೆಸಿಕೊಂಡರು. "ಆದ್ರ ನೀ ಎದ್ದು ಬಂದಿ... ಅದು ತಿಳೀತು."

ಎರಡು ತಿಂಗಳಿಗೆ ಆಲ್ಬಂ ಬಂತು. ಪತ್ರಿಕೆಯಲ್ಲಿ ನಾಲ್ವರ ಫೋಟೋ ಕಂಡದ್ದೇ ತಡ, ಶಾಂತಕುಮಾರ ಇಪ್ಪತ್ತು ಸಿ.ಡಿ. ತಂದು ಆಫೀಸಿನಲ್ಲಿ ಹಂಚಿದ. "ನನ್ನ ಸಪೋರ್ಟ್ ಇಲ್ಲದಿದ್ರ ಆಗ್ತಿತ್ತೇನು?" ಎಂದು ಮನೆಯಲ್ಲೂ ಎದೆಯುಬ್ಬಿಸಿದ. ಕೇಳಿದ ವಿಜಯಶ್ರೀಗೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಒಂದು ಯೋಗ್ಯತೆ ಬೇಡವೇ? ಅದೇ ವಾರ ನಾರಾಯಣಗೂಡದಲ್ಲಿ ತನಗಾಗಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು.

ಬಟ್ಟೆ ಕಟ್ಟಿಕೊಂಡು ಮಾವನ ಕಾಲಿಗೆರಗಿದಳು. "ನೀವೂ ನಡೀರಿ ಮಾವಾರ... ಇಲ್ಲಿ ನಿಮ್ಮ ಕೂಡ ಯಾರೂ ಮಾತಾಡೂದಿಲ್ಲ."

"ನಾ ಬಂದ್ರ, ನನ್ನ ನೆವ ಮಾಡಿ ಇಬ್ಬರೂ ನಿನ್ನ ಬಾಗಲಕ್ಕ ಬರ್ತಾರ. ನಾ ಇಲ್ಲೇ ಇರ್ತೀನಿ. ನೀ ಹೊಳ್ಳಿ ನೋಡಬ್ಯಾಡ, ಹೋಗು ಮಗಳ."

"ಜನ ಏನಂತಾರ, ವಿಜಿ!" ಎನ್ನುತ್ತ ಶಾಂತಕುಮಾರ ಹಿಂದೆ ಓಡಿಬಂದ. ಹಣಮಂತರಾಯರು ಅವನನ್ನು ಹೊಸ್ತಿಲೊಳಗೇ ತಡೆದು, ಅವಳು ಮೆಟ್ಟಿಲಿಳಿಯುವವರೆಗೆ ಕಾದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಆಮೇಲೆ ಮಗನಿಗೂ ಶಿವದೇವಿಗೂ ಎದುರಾಗಿ, ಅದೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.